ಮೀಟರಕ್ಕ ಕೊಂಡ ಮೊದಲ ಮನೆ

ಹದಿನಾಲ್ಕು ವರ್ಷಗಳಿಂದ ಮನೆಮನೆಯ ವಿದ್ಯುತ್ ಮೀಟರ್ ಓದಿ ಬಿಲ್ಲು ಹರಿದುಕೊಡುವುದೇ ಅವಳ ಕೆಲಸ. ಹೆಗಲಿಗೆ ಬಿಲ್ಲಿನ ಯಂತ್ರ, ಕಾಲಿಗೆ ಸವೆದ ಕ್ಯಾನ್ವಾಸ್ ಬೂಟು, ತಲೆಗೆ ಗಂಡನ ಹಳೆಯ ಟೋಪಿ. ತಿಂಗಳಿಗೊಮ್ಮೆ ಒಂದೊಂದು ಬೀದಿಯನ್ನೂ ಸುತ್ತಿ ಬರುತ್ತಿದ್ದ ಅವಳನ್ನು ಎಲ್ಲರೂ ಮೀಟರಕ್ಕ ಎಂದೇ ಕರೆಯುತ್ತಿದ್ದರು. ಗೇಟಿನ ಸದ್ದು ಕೇಳಿದರೂ ಅವಳು ಬಂದರೆ ನಾಯಿಗಳು ತಲೆಯೆತ್ತುತ್ತಿರಲಿಲ್ಲ. ಬೊಗಳಿ ಬೊಗಳಿ ಅವಕ್ಕೂ ಸಾಕಾಗಿತ್ತು.

ಗಂಡ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವವನು. ಮಾತು ಕಡಿಮೆ, ಆಸೆ ದೊಡ್ಡದು. ಮನೆಯಲ್ಲಿ ಅತ್ತೆ ಮತ್ತು ಒಂಬತ್ತು ವರ್ಷದ ಮಗಳು. ಮಗಳು ಹುಟ್ಟುವ ಮುಂಚಿನಿಂದ, ಹನ್ನೊಂದು ವರ್ಷ, ಎರಡೇ ಕೋಣೆಯ ಬಾಡಿಗೆ ಮನೆಯಲ್ಲಿ ಕಳೆದಿದ್ದರು. ಒಂದು ಬೆಳಿಗ್ಗೆ ಮನೆಯ ಮಾಲೀಕ ಬಾಗಿಲಲ್ಲಿ ನಿಂತು, ಮಗನ ಮದುವೆ ಗೊತ್ತಾಗಿದೆ, ಆರು ತಿಂಗಳಲ್ಲಿ ಬಿಟ್ಟುಕೊಡಿ ಎಂದ. ಅವನು ಮೆಟ್ಟಿಲಿಳಿಯುವ ಮುಂಚೆಯೇ ಅತ್ತೆ ಘೋಷಿಸಿದರು: "ಇನ್ನೊಬ್ಬರ ಮನೆಗೆ ಮೊಳೆ ಹೊಡೆಯೋಕೆ ಅಪ್ಪಣೆ ಕೇಳಿದ್ದು ಸಾಕು. ಈ ಸಲ ನಮ್ಮದೇ ಗೋಡೆಗೆ ಹೊಡೀಬೇಕು."

ಮೀಟರಕ್ಕನ ಮನಸ್ಸಿನಲ್ಲಿದ್ದದ್ದೂ ಅದೇ. ಉಳಿತಾಯವಿತ್ತು, ಸಾಲ ಕೊಡಲು ಬ್ಯಾಂಕೂ ಒಪ್ಪಿತ್ತು. ಉಳಿದದ್ದು ಒಂದೇ ಪ್ರಶ್ನೆ, ಎಲ್ಲಿ?

ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಬಂದವರು ಭಾವ, ಅಂದರೆ ಗಂಡನ ಅಣ್ಣ. ಊರಾಚೆ ಎದ್ದಿದ್ದ ಹೊಸ ಕಟ್ಟಡಗಳ ಗುಂಪಿನಲ್ಲಿ ಅವರು ಆಗಲೇ ಒಂದು ಮನೆಗೆ ಮುಂಗಡ ಕೊಟ್ಟಿದ್ದರು. ಬಣ್ಣಬಣ್ಣದ ಹಾಳೆಗಳನ್ನು ಮೇಜಿನ ಮೇಲೆ ಹರವಿ, "ಈಜುಕೊಳ ಇದೆ, ಲಿಫ್ಟಿದೆ, ಒಂಬತ್ತನೇ ಮಹಡಿಯಿಂದ ಕೆರೆ ಕಾಣ್ತದೆ. ನನ್ನ ಪಕ್ಕದ್ದೇ ಖಾಲಿ ಇದೆ. ಅಣ್ಣತಮ್ಮ ಅಕ್ಕಪಕ್ಕ ಇರೋಣ. ಏನಂತೀಯಮ್ಮ?" ಎಂದರು.

"ಚೆನ್ನಾಗಿದೆ ಭಾವ. ಆದ್ರೆ ನಾಳೆ ನಮ್ಮ ಕೈಯಿಂದ ಅದನ್ನ ಯಾರು ತಗೋತಾರೆ?"

"ತಗೊಳ್ಳೋಕೆ ಮುಂಚೇನೇ ಮಾರೋ ಮಾತಾ?" ಭಾವ ನಕ್ಕರು. "ಮದುವೆ ಮಂಟಪದಲ್ಲಿ ಕೂತು ವಿಚ್ಛೇದನದ ಮಾತಾಡಿದ ಹಾಗಾಯ್ತು."

ಗಂಡನೂ ನಕ್ಕ, ಆದರೆ ಹಾಳೆಯ ಮೇಲಿನ ನೀಲಿ ಕೊಳದಿಂದ ಅವನ ಕಣ್ಣು ಮೇಲೇಳಲಿಲ್ಲ. ಮೀಟರಕ್ಕ ಅದನ್ನು ಗಮನಿಸಿದಳು. ಬಾಯಲ್ಲಿ ಹೇಳಿ ಆ ಕೊಳವನ್ನು ಬತ್ತಿಸಲು ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಹೊರಡುವಾಗ ಭಾವ ದನಿ ತಗ್ಗಿಸಿ, "ಎಲ್ಲರ ಮನೆ ಮೀಟರೂ ನಿನ್ನ ಯಂತ್ರದಲ್ಲಿ ಇರತ್ತಲ್ಲ, ಯಾವ ಕಡೆ ಜನ ತುಂಬ್ತಿದ್ದಾರೆ ಅಂತ ಅದರಲ್ಲೇ ನೋಡಿ ಹೇಳಮ್ಮ" ಎಂದರು.

"ಅದು ಆಫೀಸಿನ ಲೆಕ್ಕ ಭಾವ. ಅದರಲ್ಲಿ ಇಣುಕಿ ನಮ್ಮ ಮನೆ ಕೆಲಸ ಮಾಡ್ಕೊಳ್ಳಲ್ಲ. ಕಣ್ಣಿಗೆ ಕಾಣೋದೇ ಬೇಕಾದಷ್ಟಿದೆ."

ಮುಂದಿನ ಭಾನುವಾರ ಅವಳು ಗಂಡನನ್ನೂ ಅತ್ತೆಯನ್ನೂ ಹೊರಡಿಸಿದಳು. ಬಸ್ಸು ಬದಲಿಸಿ, ಕೊನೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದು ಹೊಸ ಕಟ್ಟಡಗಳ ಗೇಟು ಸೇರುವಷ್ಟರಲ್ಲಿ ಅತ್ತೆ ಎರಡು ಸಲ ನೀರು ಕುಡಿದು ಮೂರು ಸಲ ಮಗನನ್ನು ಬೈದಿದ್ದರು. ಮೊದಲು ಮಾದರಿ ಮನೆ ನೋಡಿದರು. ಗಂಡ ಬಾಲ್ಕನಿಯಲ್ಲಿ ನಿಂತು ಕೆರೆ ನೋಡಿದ. ಅತ್ತೆ ಮಂಚದ ಮೇಲೆ ಮಲಗಿ, "ಇದರಲ್ಲಿ ನನ್ನ ಕಾಲು ಆಚೆ ಬರ್ತದಲ್ಲ, ಇದು ಮಕ್ಕಳ ಮಂಚಾನಾ?" ಎಂದು ಕೇಳಿದರು. ಕೋಣೆ ದೊಡ್ಡದಾಗಿ ಕಾಣಲೆಂದು ಚಿಕ್ಕ ಮಂಚ ಹಾಕಿದ್ದರು. ತೋರಿಸುತ್ತಿದ್ದ ಯುವತಿ ಮುಂದಿನ ಕೋಣೆಗೆ ನಡೆದಳು.

ಆಮೇಲೆ ಮೀಟರಕ್ಕ ಅವರನ್ನು ಮೂರು ವರ್ಷದ ಹಿಂದೆಯೇ ಮುಗಿದಿದ್ದ ಪಕ್ಕದ ಕಟ್ಟಡಕ್ಕೆ ಕರೆದೊಯ್ದಳು. ಕಾವಲುಗಾರ ಪರಿಚಯದವನು. ಮೆಟ್ಟಿಲ ಕೆಳಗೆ, ಬೀಗವಿಲ್ಲದ ತೆರೆದ ಮೂಲೆಯಲ್ಲಿ, ಗೋಡೆಯ ತುಂಬ ಸಾಲುಸಾಲಾಗಿ ಮೀಟರುಗಳಿದ್ದವು. ಪ್ರತಿಯೊಂದರಲ್ಲೂ ಸಾಸಿವೆ ಗಾತ್ರದ ಒಂದು ಕೆಂಪು ದೀಪ.

"ಮನೇಲಿ ಕರೆಂಟು ಓಡ್ತಿದ್ರೆ ಈ ದೀಪ ಮಿಟುಕತ್ತೆ," ಎಂದಳು. "ಯಾರೂ ಎದ್ದಿಲ್ಲದಿದ್ರೂ ಫ್ರಿಜ್ಜಾದ್ರೂ ಓಡ್ತಿರತ್ತೆ. ಒಂದು ನಿಮಿಷ ಸುಮ್ಮನೆ ನಿಂತು ನೋಡಿ."

ಗಂಡ ನಿಂತು ನೋಡಿದ. ಗಾಜಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಹಿಡಿಯುವ ಕಣ್ಣು ಅವನದು. ಮೇಲಿನ ಸಾಲಿನಲ್ಲಿ ಎರಡು ದೀಪ ಮಿಟುಕಿದವು. ಅದರ ಕೆಳಗೆ ಒಂದು. ಉಳಿದವು ಕಣ್ಣು ಮುಚ್ಚಿದ್ದವು. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ, ಇಡೀ ಸಂಸಾರ ಮನೆಯಲ್ಲಿರಬೇಕಾದ ಹೊತ್ತು.

"ಮುಕ್ಕಾಲು ಪಾಲು ಖಾಲಿ," ಎಂದ ಮೆಲ್ಲಗೆ.

"ಅವೆಲ್ಲ ಮಾರಾಟ ಆಗಿರೋ ಮನೆಗಳೇ. ಕೊಂಡವರಿಗೆ ಬಂದಿರೋಕೆ ದೂರ, ಮಾರೋಣ ಅಂದ್ರೆ ಕೇಳೋರಿಲ್ಲ. ಪಕ್ಕದಲ್ಲೇ ಕಟ್ಟೋ ಕಂಪನಿಯವರು ಹೊಸಾದನ್ನ ಮಾರ್ತಾ ಕೂತಿರುವಾಗ ಇವರ ಹತ್ರ ಯಾರು ಬರ್ತಾರೆ ಹೇಳಿ?"

ಗೇಟಿನ ಪಕ್ಕದ ಕಂಬಕ್ಕೆ ಕಟ್ಟಿದ್ದ 'ಮನೆ ಮಾರಾಟಕ್ಕಿದೆ' ಫಲಕಗಳು ಬಿಸಿಲಿಗೆ ಬಣ್ಣ ಬಿಟ್ಟಿದ್ದವು. ಬರುವಾಗ ಅವು ಗಂಡನ ಕಣ್ಣಿಗೆ ಬಿದ್ದಿರಲಿಲ್ಲ. ಹೋಗುವಾಗ ಒಂದೊಂದನ್ನೂ ಓದಿದ. ಬಸ್ಸು ಮನೆ ಹತ್ತಿರ ಬಂದಾಗ, "ಕೆರೆ ಚೆನ್ನಾಗಿತ್ತು," ಎಂದ.

"ಚೆನ್ನಾಗಿತ್ತು," ಎಂದಳು ಅವಳೂ. ಅದು ನಿಜವೇ ಆಗಿತ್ತು.

ಅವಳ ಮನಸ್ಸು ನಿಂತಿದ್ದದ್ದು ಹಳೆಯ ಬಡಾವಣೆಯೊಂದರ ಮೂರಂತಸ್ತಿನ ಕಟ್ಟಡದ ಮೇಲೆ. ಹನ್ನೆರಡು ಮನೆ, ಲಿಫ್ಟಿಲ್ಲ. ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದಿತ್ತು. ಆದರೆ ಅವಳು ಆ ಬೀದಿಗೆ ಹೋಗತೊಡಗಿದಾಗಿನಿಂದ ಅಲ್ಲಿಯ ದೀಪಗಳು ಆರಿದ್ದನ್ನು ಕಂಡಿರಲಿಲ್ಲ. ಒಂದು ಸಂಸಾರ ಖಾಲಿ ಮಾಡಿದರೆ ಮುಂದಿನ ತಿಂಗಳು ಅವಳು ಬರುವಷ್ಟರಲ್ಲಿ ಮೀಟರಿನ ಮೇಲೆ ಹಳೆಯ ಹೆಸರಿನ ಚೀಟಿಯ ಮೇಲೇ ಹೊಸ ಚೀಟಿ ಅಂಟಿರುತ್ತಿತ್ತು. ಅಲ್ಲಿ ಮೊದಲ ಮಹಡಿಯ ಎರಡು ಮಲಗುವ ಕೋಣೆಗಳ ಮನೆಯನ್ನು ನಿವೃತ್ತ ಮೇಷ್ಟ್ರೊಬ್ಬರು ಮಾರಲು ಹೊರಟಿದ್ದರು.

ಅವಳು ಅದನ್ನು ನಾಲ್ಕು ಸಲ ನೋಡಿದಳು. ಬೆಳಿಗ್ಗೆ ಆರಕ್ಕೆ ಹೋಗಿ ನಲ್ಲಿ ತಿರುಗಿಸಿದಳು. ಶಾಲೆ ಬಿಡುವ ಹೊತ್ತಿಗೆ ಹೋಗಿ ಬೀದಿಯ ಗಲಾಟೆ ಕೇಳಿದಳು. ಜೋರು ಮಳೆ ಸುರಿದ ಮರುದಿನ ಹೋಗಿ ಗೋಡೆಯ ಮೂಲೆಗಳನ್ನು ಅಂಗೈಯಿಂದ ಒತ್ತಿದಳು. ನಾಲ್ಕನೆಯ ಸಲ ಮನೆಯವರನ್ನೆಲ್ಲ ಕರೆತಂದಳು.

ಗಂಡ ಅಡುಗೆಮನೆಯ ಕಿಟಕಿ ತೆರೆದ. ಕೈಗೆಟಕುವಷ್ಟು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. "ಕೆರೆ ಬಿಟ್ಟು ಇದನ್ನ ನೋಡ್ಬೇಕಾ?"

ಅತ್ತೆ ಬಚ್ಚಲಿನಿಂದಲೇ ಕೂಗಿದರು, "ಬಾರೋ ಇಲ್ಲಿ! ಈ ಹಸಿರು ಟೈಲ್ಸು ಯಾವ ಪುಣ್ಯಾತ್ಮನ ಆಯ್ಕೆಯೋ! ಸ್ನಾನ ಮಾಡಿದ್ರೆ ಪಾಚಿಕಟ್ಟಿದ ಬಾವೀಲಿ ಬಿದ್ದ ಹಾಗಿರತ್ತೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದರು.

ಮೀಟರಕ್ಕ ಗಂಡನನ್ನು ಹಜಾರಕ್ಕೆ ಕರೆದು ಬೆರಳು ಮಡಿಚಿದಳು. "ದೊಡ್ಡಾಸ್ಪತ್ರೆ ಇಲ್ಲಿಂದ ಹತ್ತು ನಿಮಿಷ. ನಾಳೆ ನಾವು ಮಾರಿದ್ರೆ ಅಲ್ಲಿನ ನರ್ಸು ಈ ಮನೆ ತಗೋತಾಳೆ. ಶಾಲೆ ಬೀದಿ ಕೊನೇಲಿದೆ, ಟೀಚರು ತಗೋತಾಳೆ. ಹೊಸದಾಗಿ ಮದುವೆ ಆದೋರಿಗೆ ಎರಡು ಕೋಣೆ ಸಾಕು. ವಯಸ್ಸಾದೋರಿಗೆ ಒಂದೇ ಮಹಡಿ, ಹತ್ತಬಹುದು. ಕಾರಿಲ್ಲದೋರಿಗೆ ಬಸ್ಸು ಎದುರಿಗೇ. ಅಲ್ಲಿ ಒಂಬತ್ತನೇ ಮಹಡಿಗೆ ಬರೋನು ಕಾರಿದ್ದೋನೇ ಆಗ್ಬೇಕು, ಅದೂ ಊರೊಳಗೆ ಕೆಲಸ ಇಲ್ಲದೋನು. ಟೈಲ್ಸು ಕೆಟ್ಟದಾಗಿದ್ರೆ ಒಂದು ವಾರದಲ್ಲಿ ಕಿತ್ತು ಹಾಕ್ಬಹುದು ರೀ. ಬಸ್ ನಿಲ್ದಾಣಾನ ಕಿತ್ತು ತಂದು ಮನೆ ಮುಂದೆ ನೆಡೋಕಾಗತ್ತಾ?"

ಗಂಡ ಇನ್ನೊಮ್ಮೆ ಅಡುಗೆಮನೆಗೆ ಹೋಗಿ ಎದುರಿನ ಗೋಡೆಯನ್ನು ದಿಟ್ಟಿಸಿದ. ಮೋಡ ಸರಿದಂತೆ ಆ ಗೋಡೆಗೆ ಬಿದ್ದ ಬಿಸಿಲು ಪ್ರತಿಫಲಿಸಿ ಒಳಗೆಲ್ಲ ಬೆಳಕಾಯಿತು. "ಬೆಳಕಿಗೇನೂ ಮೋಸ ಇಲ್ಲ," ಎಂದ. ಅವನ ಬಾಯಲ್ಲಿ ಅದೇ ಒಪ್ಪಿಗೆ.

ಆದರೆ ಕಾಗದಪತ್ರ ನೋಡಿದ ವಕೀಲೆ ಒಂದು ತೊಡಕು ಹಿಡಿದಳು. ಮನೆ ಮೇಷ್ಟ್ರಿಗೆ ತಂದೆಯಿಂದ ಬಂದದ್ದು. ಮೇಷ್ಟ್ರಿಗೆ ಒಬ್ಬ ತಂಗಿ ಇದ್ದಳು. ಅವಳ ಸಹಿ ಎಲ್ಲೂ ಇರಲಿಲ್ಲ.

"ಅವಳು ಕೇಳೋಕೆ ಬರಲ್ಲಮ್ಮ," ಎಂದರು ಮೇಷ್ಟ್ರು. "ಮಾತುಕತೆ ನಿಂತು ಒಂಬತ್ತು ವರ್ಷ ಆಯ್ತು. ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಇದೆ ಸಾರ್. ಆದ್ರೆ ನಾಳೆ ನಾನು ಮಾರೋ ದಿನ ನೀವು ನನ್ನ ಪಕ್ಕ ಬಂದು ನಿಂತ್ಕೊಳ್ಳಲ್ಲ, ಈ ಕಾಗದ ನಿಂತ್ಕೊಳ್ಳತ್ತೆ. ಅವತ್ತು ಕೊಳ್ಳೋರು ಕೇಳೋದನ್ನ ಇವತ್ತೇ ನಾನು ಕೇಳ್ತಿದ್ದೀನಿ."

ಮೇಷ್ಟ್ರಿಗೆ ಸಿಟ್ಟು ಬಂತು. ಬೇರೆ ಗಿರಾಕಿ ಸಾಲಲ್ಲಿದ್ದಾರೆ ಎಂದರು. ಅದು ಸುಳ್ಳಾಗಿರಲಿಲ್ಲ, ಮರುದಿನವೇ ಒಂದು ಕುಟುಂಬ ಬಂದು ನೋಡಿ ಹೋಯಿತು. ಭಾವ ಫೋನು ಮಾಡಿ, "ಇಲ್ದಿರೋ ಹುಳುಕು ಹುಡುಕಿ ಕೈಗೆ ಬಂದದ್ದನ್ನೂ ಬಿಡ್ತೀಯಲ್ಲಮ್ಮ" ಎಂದು ಬುದ್ಧಿ ಹೇಳಿದರು. ಬಾಡಿಗೆ ಮನೆ ಬಿಡಲು ಉಳಿದದ್ದು ಎರಡು ತಿಂಗಳು. ಆ ವಾರ ಮೀಟರಕ್ಕನಿಗೆ ಊಟ ರುಚಿಸಲಿಲ್ಲ. ಒಂದೇ ಬೀದಿಯ ಬಿಲ್ಲುಗಳನ್ನು ಎರಡು ಸಲ ಹೊಡೆದು ಆಫೀಸಿನಲ್ಲಿ ಬೈಸಿಕೊಂಡಳು. ಆದರೂ ಪಟ್ಟು ಸಡಿಲಿಸಲಿಲ್ಲ. ಬದಲಿಗೆ ಒಂದು ಸಂಜೆ ಮೇಷ್ಟ್ರ ಮನೆಗೆ ಹೋಗಿ ಅವರ ಎದುರು ಕೂತು, "ಸಾರ್, ಸಹಿ ಆಮೇಲೆ. ಮೊದಲು ತಂಗಿಗೆ ಒಂದು ಫೋನು ಮಾಡಿ. ನಾನಿಲ್ಲೇ ಇರ್ತೀನಿ" ಎಂದಳು.

ಮೇಷ್ಟ್ರು ಬಹಳ ಹೊತ್ತು ಫೋನನ್ನು ಕೈಯಲ್ಲಿ ಹೊರಳಿಸಿದರು. ಕೊನೆಗೆ ಮಾಡಿದರು. ಆಚೆಯ ದನಿ, "ಅಣ್ಣಾ?" ಎಂದದ್ದು ಮೀಟರಕ್ಕನಿಗೂ ಕೇಳಿಸಿತು. ಅವಳು ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತಳು.

ಹದಿನೇಳನೆಯ ದಿನ ತಂಗಿ ಬಂದಳು. ತೂಕದ ಹೆಂಗಸು, ಅಣ್ಣನದ್ದೇ ಮೂಗು. ಚೀಲ ಕೆಳಗಿಟ್ಟವಳೇ ಮನೆಯೆಲ್ಲ ಓಡಾಡಿ, ಬಚ್ಚಲಿನ ಬಾಗಿಲಲ್ಲಿ ನಿಂತು, "ಅಯ್ಯೋ, ಇನ್ನೂ ಇದೆಯಾ ಈ ಟೈಲ್ಸು! ಅಪ್ಪನ ಹತ್ರ ಹಟ ಮಾಡಿ ನಾನೇ ಆರಿಸಿದ್ದು" ಎಂದಳು. ಅತ್ತೆ ಥಟ್ಟನೆ, "ತಂಪಾದ ಬಣ್ಣಮ್ಮ, ಕಣ್ಣಿಗೆ ಹಿತ" ಎಂದುಬಿಟ್ಟರು. ಗಂಡ ನಗು ತಡೆಯಲಾರದೆ ಬಾಲ್ಕನಿಗೆ ಓಡಿದ. ಮರುದಿನ ನೋಂದಣಿ ಕಚೇರಿಯಲ್ಲಿ ಅಣ್ಣ ತಂಗಿ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು ಸಹಿ ಹಾಕಿದರು.

ಮನೆಗೆ ಬಂದ ಮೊದಲ ದಿನವೇ ಅತ್ತೆ ಸುತ್ತಿಗೆ ಹಿಡಿದು ಹಜಾರದಲ್ಲಿ ಯಾರನ್ನೂ ಕೇಳದೆ ನಾಲ್ಕು ಮೊಳೆ ಹೊಡೆದರು. ನೇತುಹಾಕಲು ಇದ್ದದ್ದು ಒಂದೇ ಗಡಿಯಾರ. ಉಳಿದ ಮೂರು ಹಾಗೇ ಉಳಿದವು.

ಎಂಟು ವರ್ಷ ಅಲ್ಲಿ ಬದುಕಿದರು. ಟೈಲ್ಸು ಬದಲಾದವು, ಗೋಡೆಗೆ ಬಿಳಿ ಬಣ್ಣ ಬಂತು. ಅದರಾಚೆಗೆ ಮೀಟರಕ್ಕ ಮನೆಗೆ ಹೆಚ್ಚು ಸುರಿಯಲಿಲ್ಲ. ಗಂಡ ಹಜಾರಕ್ಕೆ ಮರದ ಚಾವಣಿ ಹೊಡೆಸೋಣ ಎಂದಾಗ, "ಅದು ನಮ್ಮಿಷ್ಟ, ಮುಂದಿನವರು ಅದಕ್ಕೆ ಬೆಲೆ ಕಟ್ಟಲ್ಲ" ಎಂದು ಆ ಹಣದಲ್ಲಿ ನೀರಿನ ಕೊಳವೆಗಳನ್ನು ಹೊಸದು ಮಾಡಿಸಿದಳು. ಮಗಳು ನಡೆದೇ ಶಾಲೆ ಮುಗಿಸಿದಳು. ಭಾವ ಕೆರೆಯ ಎದುರು ಸುಖವಾಗಿದ್ದರು, ಸಂಜೆ ಈಜುತ್ತಿದ್ದರು. ಒಮ್ಮೆ ಮಗನ ಊರಿಗೆ ಹತ್ತಿರ ಹೋಗೋಣವೆಂದು ಮನೆ ಮಾರಾಟಕ್ಕಿಟ್ಟರು. ಒಂದೂವರೆ ವರ್ಷ ಕಾದು ಫಲಕ ಇಳಿಸಿ, "ಹೋಗ್ಲಿ ಬಿಡಮ್ಮ, ಈ ಗಾಳಿ ಬೇರೆ ಎಲ್ಲಿ ಸಿಗತ್ತೆ" ಎಂದರು. ಮೀಟರಕ್ಕ ಅವರಿಗೆ ಮಾತು ತಿರುಗಿಸಿ ಚುಚ್ಚಲಿಲ್ಲ.

ಒಂಬತ್ತನೆಯ ವರ್ಷ ಇವರಿಗೂ ಮಾರುವ ಹೊತ್ತು ಬಂತು. ಕನ್ನಡಕದ ಅಂಗಡಿಯ ಯಜಮಾನರು ವಯಸ್ಸಾಯಿತೆಂದು ಬಾಗಿಲು ಹಾಕಲು ಹೊರಟು, ಗಾಜು ಉಜ್ಜುವ ಯಂತ್ರಗಳನ್ನು ಗಂಡನಿಗೇ ಒಪ್ಪಿಸಿದರು. ಇತ್ತ ಅತ್ತೆಯ ಮಂಡಿ ಮೆಟ್ಟಿಲಿನ ಜೊತೆ ಜಗಳ ಶುರುಮಾಡಿತ್ತು. ಮುಂದೆ ಪುಟ್ಟ ಅಂಗಡಿ, ಹಿಂದೆ ಮನೆ, ಎಲ್ಲ ನೆಲಮಟ್ಟದಲ್ಲಿ ಇರುವಂಥ ಜಾಗ ಬೇಕಾಗಿತ್ತು. ಅಂಥದ್ದು ಎರಡು ಬೀದಿ ಆಚೆ ಸಿಕ್ಕಿತು ಕೂಡ. ಅದರ ಯಜಮಾನ ಕೊಟ್ಟದ್ದು ಒಂದೇ ತಿಂಗಳ ಗಡುವು.

"ಒಂದು ತಿಂಗಳಲ್ಲಿ ನಮ್ಮದು ಹೋಗತ್ತಾ?" ಗಂಡ ಕೇಳಿದ.

"ಹೋಗತ್ತೆ," ಎಂದಳು. ಸೋಮವಾರ ಬಾಲ್ಕನಿಗೆ ಫಲಕ ಕಟ್ಟಿದಳು.

ಬುಧವಾರ ಒಬ್ಬ ಗುಮಾಸ್ತ ಬಂದ. ಶುಕ್ರವಾರ ಶಾಲೆಯ ಟೀಚರು ಗಂಡನನ್ನು ಕರೆದುಕೊಂಡು ಬಂದಳು. ಶನಿವಾರ ಪಾಳಿ ಮುಗಿಸಿ ಆಸ್ಪತ್ರೆಯ ಇಬ್ಬರು ನರ್ಸುಗಳು, ಅಕ್ಕತಂಗಿಯರು, ಸಮವಸ್ತ್ರದಲ್ಲೇ ಬಂದರು. ಅಕ್ಕ ನಲ್ಲಿ ತಿರುಗಿಸಿದಳು, ತಂಗಿ ಗೋಡೆಯ ಮೂಲೆಗಳನ್ನು ಅಂಗೈಯಿಂದ ಒತ್ತಿ ನೋಡಿದಳು. ಮೀಟರಕ್ಕನಿಗೆ ಅವರು ಅಲ್ಲೇ ಇಷ್ಟವಾದರು. ಅವರ ವಕೀಲರು ಕಾಗದಗಳನ್ನು ಒಂದೇ ಮಧ್ಯಾಹ್ನದಲ್ಲಿ ನೋಡಿ ಮುಗಿಸಿ, ಕೇಳುವುದೇನೂ ಇಲ್ಲ ಎಂದರು. ಇಪ್ಪತ್ಮೂರನೆಯ ದಿನ ಬೀಗದಕೈ ಕೈ ಬದಲಾಯಿತು. ಬಂದ ಹಣದಲ್ಲಿ ಬ್ಯಾಂಕಿನ ಬಾಕಿ ತೀರಿ, ಹೊಸ ಜಾಗವೂ ಕೈಸೇರಿ, ಅಂಗಡಿಗೆ ಗಾಜಿನ ಬೀರುಗಳೂ ಬಂದವು.

ಅಂಗಡಿ ತೆರೆದ ದಿನ ಮೊದಲ ಗಿರಾಕಿ ಅತ್ತೆಯೇ. ಮಗ ಕೈಯಾರೆ ಉಜ್ಜಿದ ಗಾಜಿನ ಕನ್ನಡಕವನ್ನು ಅವರ ಮೂಗಿಗೇರಿಸಿದ. ಅವರು ಬೀದಿ ನೋಡಿದರು, ಬೀರು ನೋಡಿದರು, ಕೊನೆಗೆ ಎದುರಿಗೆ ಟೋಪಿ ಹಿಡಿದು ನಿಂತಿದ್ದ ಸೊಸೆಯನ್ನು ನೋಡಿ ಹೌಹಾರಿದರು.

"ಏನೇ ಇದು, ತಲೆ ಇಷ್ಟೊಂದು ನೆರೆತಿದೆ! ಯಾವಾಗಿಂದ?"

"ಬಹಳ ದಿನ ಆಯ್ತು ಅತ್ತೆ," ಎಂದು ಅವಳು ನಗುತ್ತ ಟೋಪಿ ಹಾಕಿಕೊಂಡಳು. "ಸಾಯಂಕಾಲ ಬರ್ತೀನಿ, ಇನ್ನೂ ಮೂರು ಬೀದಿ ಬಾಕಿ ಇದೆ."