ಬಿಳಿ ಗೆರೆಯ ಪಕ್ಕದ ಜೋಳ

ಅರಕಲಗೂಡು–ಕೊಣನೂರು ರಸ್ತೆಯ ಆ ತಿರುವಿನಲ್ಲಿ ಅಂಚಿನ ಬಿಳಿ ಗೆರೆಯನ್ನು ಬೆಳಗಿನಿಂದ ಒಂದು ವಾಹನವೂ ತುಳಿದಿರಲಿಲ್ಲ. ಹೊಸದಾಗಿ ಎಳೆದ ಗೆರೆಯಿಂದ ಉಪಯೋಗವಾಗಿದೆಯೇ ಎಂದು ಸರ್ವೆ ಮಾಡಲು ನಿಂತಿದ್ದ ನನಗೆ ಹಿಗ್ಗೋ ಹಿಗ್ಗು. ರಸ್ತೆ ದಾಟಿ ನೋಡಿದರೆ, ಗೆರೆಯ ಪಕ್ಕಕ್ಕೇ ನೂಲು ಹಿಡಿದಂತೆ ಮುಸುಕಿನ ಜೋಳ ಒಣಹಾಕಿ, ಅಜ್ಜಿಯೊಬ್ಬರು ಕೋಲು ಹಿಡಿದು ಕೂತಿದ್ದರು.

“ಗೆರೆ ಬಂದ ಮೇಲೆ ಡ್ರೈವರ್‌ಗಳು ಎಷ್ಟು ಹುಷಾರಾಗಿದ್ದಾರೆ ನೋಡಜ್ಜಿ” ಎಂದೆ.

“ಬಣ್ಣಕ್ಕೆ ಯಾವನ್ ಎದರ್ತಾನೆ? ಓದ ವಾರ ಜೋಳ ತುಳಿದ ಲಾರಿಯೋನ್ಗೆ ನಾನು ಬೈದಿದ್ದು ಈ ರೋಡಲ್ಲಿ ಓಡಾಡೋರ್ಗೆಲ್ಲ ಗೊತ್ತು ಕಣಪ್ಪ” ಎಂದರು.

ವರದಿಯಲ್ಲಿ ಅಜ್ಜಿಯ ಬೈಗುಳಕ್ಕೆ ಕಾಲಂ ಇರಲಿಲ್ಲ. ಹೊಗಳಿಕೆಯೆಲ್ಲ ಬಣ್ಣಕ್ಕೇ ಹೋಯಿತು. ಆದರೆ ಈಗಲೂ ನನ್ನ ಬೈಕು ಅಂಚಿನ ಗೆರೆಯತ್ತ ವಾಲಿದರೆ ಸಾಕು, ಜೋಳವಿಲ್ಲದ ಕಡೆಯೂ ಕೈ ತಾನಾಗಿ ಹ್ಯಾಂಡಲ್ ತಿರುಗಿಸುತ್ತದೆ.