ಹದಿನೇಳರ ನಳಿಗೆ

ಗೋದಾಮಿನ ಕಾವಲು ಪಡೆಯಲ್ಲಿ ಅವರನ್ನು ಎಲ್ಲರೂ ಪಿಸ್ತೂಲ್ ಮೇಷ್ಟ್ರು ಎನ್ನುತ್ತಿದ್ದರು. ಶಾಲೆ ಕಂಡದ್ದು ಏಳೇ ವರ್ಷ. ಆದರೆ ಮೂವತ್ತೊಂದು ವರ್ಷ ಶಸ್ತ್ರಾಗಾರ ನೋಡಿಕೊಂಡು, ಹೊಸದಾಗಿ ಸೇರಿದವರಿಗೆಲ್ಲ ಪಿಸ್ತೂಲಿನ ಪಾಠ ಹೇಳಿಕೊಟ್ಟವರು ಅವರೇ. ಗಾಳಿಯಾಡದ ಒಂದು ಕೋಣೆ, ಕಬ್ಬಿಣದ ಬೀರು, ಉದ್ದನೆಯ ಮೇಜು, ಎಣ್ಣೆ ಕುಡಿದು ಕಪ್ಪಾದ ಬಟ್ಟೆ, ಬೀರುವಿನೊಳಗೆ ಹತ್ತು ಹಳೇ ಪಿಸ್ತೂಲು. ಅವರ ರಾಜ್ಯ ಅಷ್ಟೇ. ರಾಜ್ಯ ಸಣ್ಣದಾದರೂ ದೊರೆಯ ಗತ್ತಿಗೇನೂ ಕಮ್ಮಿಯಿರಲಿಲ್ಲ.

“ಇದಕ್ಕೆ ನಿಮ್ಮಜ್ಜನಿಗಿಂತ ವಯಸ್ಸಾಗಿದೆ, ಮರ್ಯಾದೆಯಿಂದ ಹಿಡ್ಕೊಳ್ಳಿ,” ಎಂದು ಪಾಠ ಶುರುವಾಗುತ್ತಿತ್ತು. “ಸಾವಿರದ ಒಂಬೈನೂರ ಹನ್ನೊಂದರಲ್ಲಿ ಅಮೆರಿಕದ ಸೈನ್ಯದೋರು ಪರೀಕ್ಷೆ ಮಾಡಿದ್ರು. ಎರಡು ದಿನ, ಆರು ಸಾವಿರ ಗುಂಡು. ಕಾದು ಮುಟ್ಟಕ್ಕಾಗದೆ ಇದ್ದಾಗ ನೀರಲ್ಲಿ ಅದ್ದೋದು, ಮತ್ತೆ ಹೊಡೆಯೋದು. ಒಂದು ಸಲಾನೂ ಇದು ಕಚ್ಚಿಕೊಳ್ಳಲಿಲ್ಲ. ಆಮೇಲೆ ಎಪ್ಪತ್ತು ವರ್ಷ ಅವರ ಸೊಂಟ ಬಿಟ್ಟು ಇಳೀಲಿಲ್ಲ. ಬೆರಳು ಒಂದು ಸಲ ಎಳೆದ್ರೆ ಒಂದೇ ಗುಂಡು. ಹೊಡೆದ ಗುಂಡಿನ ಖಾಲಿ ಕೊಳವೆ ತಾನೇ ಆಚೆ ಹಾರುತ್ತೆ, ಮುಂದಿನ ಗುಂಡು ತಾನೇ ಬಂದು ಕೂರುತ್ತೆ. ಅದಕ್ಕೇ ಗುಂಡು ತುಂಬಿರೋ ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಖಾಲಿ ಅಂದ್ಕೋಬೇಡಿ. ನಳಿಗೆಯೊಳಗೆ ಒಂದು ಕೂತಿರುತ್ತೆ, ಕರೆಯದೆ ಬಂದ ನೆಂಟನ ಹಾಗೆ.”

ಕೊನೆಗೆ ಬೆರಳೆತ್ತಿ ಒಂದು ನಿಯಮ ಹೇಳುತ್ತಿದ್ದರು. “ಒಂದನ್ನ ಬಿಚ್ಚಿ, ಒರೆಸಿ, ಜೋಡಿಸಿ ಪಕ್ಕಕ್ಕಿಟ್ಟ ಮೇಲೇ ಇನ್ನೊಂದಕ್ಕೆ ಕೈ ಹಾಕಬೇಕು. ನಂಬರ್ ಇರೋದು ಮೈ ಮೇಲೆ, ನಳಿಗೆ ಮೇಲಲ್ಲ. ಒಂದರ ನಳಿಗೆ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತೆ. ಅದಲುಬದಲಾದ್ರೆ ಅದಕ್ಕೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ.”

ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಇದು ಯಾರ ಮನೆಯಲ್ಲಿಲ್ಲ ಹೇಳಿ?

ಒಂದು ಸೋಮವಾರ ಸಂಜೆ ಗೋದಾಮಿನ ಹಿಂದಿನ ಗೇಟಿಗೆ ಕಳ್ಳರು ನುಗ್ಗಿದರು. ಕಾವಲಿಗಿದ್ದವರು ಇಬ್ಬರು: ಕೆಲಸಕ್ಕೆ ಸೇರಿ ವರ್ಷವಾಗಿದ್ದ ಒಬ್ಬ ಹೆಣ್ಣುಮಗಳು, ಅವಳ ಜೊತೆಗೆ ಗಿರಿಜಾ ಮೀಸೆಯ ಹಿರಿಯ ಕಾವಲುಗಾರ. ಅವಳ ಕೈಯಲ್ಲಿದ್ದದ್ದು ಮೈ ಮೇಲಿನ ನಂಬರು ಹದಿನೇಳಕ್ಕೆ ಮುಗಿಯುವ ಪಿಸ್ತೂಲು, ಮೀಸೆಯವನದು ಇಪ್ಪತ್ತೆರಡಕ್ಕೆ. ಇಬ್ಬರೂ ಒಂದೊಂದು ಗುಂಡು ಹಾರಿಸಿದರು, ಇಬ್ಬರೂ ಗಾಳಿಗೆ ಎಂದೇ ಹೇಳಿದರು. ಕಳ್ಳರು ಓಡಿಹೋದರು. ಅಲ್ಲೇ ಮೂಟೆ ಇಳಿಸುತ್ತಿದ್ದ ಹಮಾಲಿ ಮೊಣಕಾಲು ಹಿಡಿದುಕೊಂಡು ಬಿದ್ದ. ಗದ್ದಲದಲ್ಲಿ ಕಬ್ಬಿಣದ ಸರಳು ತಾಗಿರಬೇಕು ಅಂದುಕೊಂಡು ಆಸ್ಪತ್ರೆಗೆ ಸೇರಿಸಿದರು. ಪಿಸ್ತೂಲುಗಳು ಎಂದಿನಂತೆ ಬೀರುವಿಗೆ ಬಂದವು. ಮಂಗಳವಾರ ಎಲ್ಲವನ್ನೂ ಒರೆಸುವ ದಿನ, ಮೇಷ್ಟ್ರು ಒರೆಸಿದರು. ಬುಧವಾರ ಹಮಾಲಿಯ ಮೊಣಕಾಲಿನಿಂದ ಗುಂಡು ತೆಗೆದರು. ಆಗ ಪೊಲೀಸರು ಓಡಿಬಂದು ಎರಡೂ ಪಿಸ್ತೂಲಿಗೆ ಮೊಹರು ಹಾಕಿದರು.

ತಿಂಗಳಾದ ಮೇಲೆ ವರದಿ ಬಂತು: ಗುಂಡಿನ ಮೈ ಮೇಲಿನ ಗೀರುಗಳು ಹೊಂದುವುದು ಹದಿನೇಳರೊಳಗಿನ ನಳಿಗೆಗೆ, ಗುಂಡು ಹಾರಿದ್ದು ಅದರಿಂದಲೇ. ಆ ಹೆಣ್ಣುಮಗಳನ್ನು ಕೆಲಸದಿಂದ ಅಮಾನತು ಮಾಡಿದರು. ವಿಚಾರಣೆಯಲ್ಲಿ ಸಾಬೀತಾದರೆ ಕೆಲಸವೂ ಹೋಯಿತು, ಜೈಲೂ ಗ್ಯಾರಂಟಿ.

ಅವಳು ಮೇಷ್ಟ್ರ ಮನೆಗೆ ಬಂದು ಹೊಸ್ತಿಲಲ್ಲೇ ನಿಂತಳು.

“ನಾನು ಮೇಲಕ್ಕೇ ಹೊಡೆದೆ ಮೇಷ್ಟ್ರೆ. ಶೆಡ್ಡಿನ ತಗಡೂ ಕಾಣಿಸ್ತಿತ್ತು ನನಗೆ. ಆದ್ರೆ ಎಲ್ಲರೂ ಹೇಳಿ ಹೇಳಿ, ಈಗ ನನಗೇ ಅನುಮಾನ ಬಂದುಬಿಟ್ಟಿದೆ. ಕೈ ಎತ್ತಿದ್ನೋ ಇಲ್ವೋ ಅಂತ.”

“ಯಂತ್ರ ಸುಳ್ಳು ಹೇಳಲ್ಲಮ್ಮ,” ಎಂದರು ಮೇಷ್ಟ್ರು. ಹೇಳಿ ಮುಗಿಸುವಷ್ಟರಲ್ಲಿ ತಮ್ಮದೇ ನಿಯಮ ನೆನಪಾಯಿತು. ಅವತ್ತು ಮಂಗಳವಾರ ಹೇಗೆ ಒರೆಸಿದ್ದು? ಒಂದೊಂದಾಗಿಯೋ, ಎಲ್ಲವನ್ನೂ ಒಟ್ಟಿಗೆ ಬಿಚ್ಚಿಯೋ? ಎಷ್ಟು ತಿಣುಕಿದರೂ ನೆನಪಿಗೆ ಬರುತ್ತಿಲ್ಲ. ಮೂವತ್ತೊಂದು ವರ್ಷದ ಮಂಗಳವಾರಗಳೆಲ್ಲ ಒಂದೇ ಥರ.

ಅವಳು ಹೋದ ಮೇಲೆ ಹೆಂಡತಿಯನ್ನು ಕೇಳಿದರು. “ಲೇ, ನಾನು ಕೆಲಸ ಮಾಡೋವಾಗ ಒಂದೊಂದಾಗೇ ಮಾಡ್ತೀನಿ ಅಲ್ವೇನೇ?”

“ಯಾರು, ನೀವಾ? ಮೊನ್ನೆ ಮೂರು ಬೀಗ ಬಿಚ್ಚಿ ಒಂದೇ ತಟ್ಟೆಗೆ ಸುರಿದೋರು ಯಾರು? ಇವತ್ತಿಗೂ ಹಿತ್ತಲ ಬಾಗಿಲಿನ ಬೀಗಕ್ಕೆ ಮುಂಬಾಗಿಲಿನ ಕೀ ಹಾಕ್ಕೊಂಡು ಓಡಾಡ್ತಿದ್ದೀನಿ.”

“ಅದು ಬೀಗ ಕಣೇ.”

“ಕೈ ನಿಮ್ಮದೇ ಅಲ್ವಾ?”

ಮೇಷ್ಟ್ರಿಗೆ ಸಿಟ್ಟು ಬಂತು. ಮಂಡಿನೋವು ಶುರುವಾದಾಗಿನಿಂದ ಹತ್ತು ಸಲ ಎದ್ದು ಬೀರುವಿಗೆ ಹೋಗುವುದು ತಪ್ಪಲೆಂದು ಎಲ್ಲ ಬಿಡಿಭಾಗಗಳನ್ನೂ ಒಂದೇ ತಟ್ಟೆಯ ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಿದ್ದದ್ದು ನಿಜ. ಆದರೆ ಪ್ರತಿ ಸಲವೂ ಅಲ್ಲ. ಅಥವಾ ಪ್ರತಿ ಸಲವೂ ಹಾಗೇ ಇರಬಹುದೇ?

ಮರುದಿನ ಶಸ್ತ್ರಾಗಾರದ ಬಾಗಿಲು ಹಾಕಿಕೊಂಡು ಬೀರುವಿನಲ್ಲಿ ಉಳಿದಿದ್ದವುಗಳಲ್ಲಿ ಎರಡು ಪಿಸ್ತೂಲು ಬಿಚ್ಚಿದರು. ಕಣ್ಣು ಮುಚ್ಚಿ ನಳಿಗೆಗಳನ್ನು ಬದಲಿಸಿ ಜೋಡಿಸಿದರು. ನಳಿಗೆಯ ಮೇಲೆ ಜಾರುವ ಸ್ಲೈಡು ಹಿಂದಕ್ಕೆ ಎಳೆದು ಬಿಟ್ಟರು, ಕಿವಿಗೊಟ್ಟು ಕೇಳಿದರು. ಅದೇ ಸದ್ದು, ಅದೇ ಬಿಗಿ. ಮತ್ತೆ ಬದಲಿಸಿದರು. ಮೂರನೇ ಸಲಕ್ಕೆ ಯಾವುದು ಯಾವುದರದೆಂದು ಅವರಿಗೇ ತಪ್ಪಿಹೋಯಿತು. ಮಕ್ಕಳಂತೆ ಸಾಕಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯ, ನಾಚಿಕೆಯಿಂದ ಕುಸಿದು ಕೂತರು.

ಬಾಯಿಮುಚ್ಚಿಕೊಂಡಿದ್ದರೆ ಹನ್ನೆರಡು ದಿನದಲ್ಲಿ ಹಾರ ಹಾಕಿಸಿಕೊಂಡು ನಿವೃತ್ತಿ. ಬಾಯಿಬಿಟ್ಟರೆ ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲು. ಅದೂ ತನಗೇ ಖಾತ್ರಿಯಿಲ್ಲದ ಒಂದು ಮಾತಿಗಾಗಿ. ಇತ್ತ ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಬೀಳುತ್ತಿದ್ದರೆ? ಮೀಸೆಯವನೇ ಹೊಡೆದಿದ್ದರೆ? ಇಲ್ಲ, ಅವಳೇ ಹೊಡೆದಿದ್ದರೆ?

ವಿಚಾರಣೆಯ ದಿನ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. “ಮೊಹರು ಹಾಕಿದಾಗ ಹದಿನೇಳು ಸೋಮವಾರ ಇದ್ದ ಹಾಗೇ ಇತ್ತು, ಅಲ್ವಾ ಮೇಷ್ಟ್ರೆ?”

“ಗೊತ್ತಿಲ್ಲ ಸಾರ್.”

“ಏನು ಗೊತ್ತಿಲ್ಲ?”

“ಮಂಗಳವಾರ ಎಲ್ಲಾನೂ ಒಂದೇ ತಟ್ಟೆಗೆ ಹಾಕಿದ್ದೆ ಅಂತ ಕಾಣುತ್ತೆ. ನಳಿಗೆ ಅದಲುಬದಲಾಗಿರಬಹುದು.”

“ಕಾಣುತ್ತೆ ಅಂದ್ರೆ? ಹಾಕಿದ್ರೋ ಇಲ್ವೋ?”

ಮೇಷ್ಟ್ರು ಶಸ್ತ್ರಾಗಾರದಿಂದ ಬೇರೆ ಎರಡು ಪಿಸ್ತೂಲು ತರಿಸಿದರು. ಮ್ಯಾಗಜೀನ್ ತೆಗೆದರು, ಸ್ಲೈಡು ಎಳೆದು ನಳಿಗೆ ಖಾಲಿಯೆಂದು ಬೆರಳಿಟ್ಟು ನೋಡಿ, ಅಧಿಕಾರಿಗೂ ತೋರಿಸಿದರು. ಎರಡನ್ನೂ ಬಿಚ್ಚಿ ಒಂದೇ ತಟ್ಟೆಗೆ ಹಾಕಿ, “ನೀವೇ ಕಲಸಿ ಸಾರ್,” ಎಂದರು. ಅಧಿಕಾರಿ ಕಲಸಿದರು. ಮೇಷ್ಟ್ರು ಜೋಡಿಸಿ ಮೇಜಿನ ಮೇಲಿಟ್ಟರು. “ಈಗ ಯಾವುದರ ನಳಿಗೆ ಯಾವುದರಲ್ಲಿದೆ, ಹೇಳಿ.”

ಅಧಿಕಾರಿ ಅದನ್ನು ನೋಡಿದರು, ಇದನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. “ಅಂದ್ರೆ ನೀವು ನಿಯಮ ಮುರಿದಿರಿ ಅಂತ ಬರೆದುಕೊಳ್ಳಲಾ?”

“ಬರ್ಕೊಳ್ಳಿ ಸಾರ್. ಅದು ಮಾತ್ರ ಗೊತ್ತು.”

ವರದಿ ಬಿದ್ದುಹೋಯಿತು. ಆ ಹೆಣ್ಣುಮಗಳಿಗೆ ಕೆಲಸ ಉಳಿಯಿತು. ಮೀಸೆಯವನನ್ನೂ ಹಿಡಿಯಲು ಆಧಾರವಿಲ್ಲದೆ ಬಿಟ್ಟರು. ಮೇಷ್ಟ್ರಿಗೆ ಅವತ್ತೇ ಶಸ್ತ್ರಾಗಾರದ ಕೀಲಿ ಇಟ್ಟು ಹೋಗು ಎಂದರು. ಅವಳು ಅಳುತ್ತ ಕಾಲಿಗೆ ಬಗ್ಗಿದಾಗ ಅವರಿಗೆ ಸಂತೋಷವಾಗಬೇಕಿತ್ತು. ಸರಿಯಾದದ್ದನ್ನೇ ಮಾಡಿದೆನೋ ಇಲ್ಲವೋ ಎಂಬುದೇ ತಿಳಿಯದೆ ಹೊರಗೆ ಬಂದರು.

ಮೆಟ್ಟಿಲ ಬಳಿ ಊರುಗೋಲು ಹಿಡಿದು ಹಮಾಲಿ ನಿಂತಿದ್ದ. ಇನ್ನು ಮೂಟೆ ಹೊರುವ ಕಾಲಲ್ಲ ಅದು.

“ಒಳಗೆ ಏನೇನೋ ಮಾತಾಡಿದ್ರು, ನನಗೆ ತಿಳೀಲಿಲ್ಲ ಯಜಮಾನ್ರೆ. ಕೊನೆಗೆ ಹೊಡೆದಿದ್ದು ಯಾರು?”

“ಗೊತ್ತಾಗಲ್ಲಪ್ಪ. ಇನ್ಯಾವತ್ತೂ ಗೊತ್ತಾಗಲ್ಲ. ಹಾಗೆ ಮಾಡಿಟ್ಟಿದ್ದು ನಾನೇ. ಸಿಟ್ಟು ಮಾಡ್ಕೊಳ್ಳೋದಿದ್ರೆ ನನ್ನ ಮೇಲೆ ಮಾಡ್ಕೋ.”

ಹಮಾಲಿ ಅವರ ಮುಖವನ್ನೇ ನೋಡಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ನಿಮ್ಮ ಮೇಲೆ ಹೇಗೆ ಮಾಡ್ಕೊಳ್ಳಲಿ ಯಜಮಾನ್ರೆ? ಅವತ್ತು ನೀವು ಅಲ್ಲಿರಲೇ ಇಲ್ವಲ್ಲ.”