ಒಂದು ಮೊರ ತೌಡು

ಕಳಕಪ್ಪ ಪಾಸ್ಟರರ ಮೂಗಿನ ಬಲ ಹೊಳ್ಳೆಯಲ್ಲಿ ಒಂದು ಸಣ್ಣ ತೂತು ಇತ್ತು. ರೋಣ, ನರಗುಂದ, ಗಜೇಂದ್ರಗಡದ ಕಡೆ ಅವರ ಪ್ರಾರ್ಥನೆಗೆ ಬಂದವರೆಲ್ಲ ಅದನ್ನು ನೋಡಿದ್ದಾರೆ. ಗಂಡಸಿಗೇಕೆ ಮೂಗು ಚುಚ್ಚಿದ ಗುರುತು ಎಂದು ಕೇಳುವ ಧೈರ್ಯ ಮಾತ್ರ ಮಕ್ಕಳಿಗಷ್ಟೇ ಇತ್ತು. ಕೇಳಿದವರಿಗೆ ಪಾಸ್ಟರರು, ನನ್ನನ್ನ ತೌಡಿಗೆ ಮಾರಿದ್ರಪಾ ಎಂದು ನಗುತ್ತಿದ್ದರು. ಮಕ್ಕಳೂ ನಗುತ್ತಿದ್ದವು. ಅದು ಖರೇ ಮಾತೆಂದು ಯಾರೂ ನಂಬಲಿಲ್ಲ.

ಖರೇ ಮಾತೇ ಅದು. ರಾಜೂರಿನ ಹೊಳೆವ್ವನಿಗೆ ಮೊದಲು ಮೂರು ಕೂಸು ಹುಟ್ಟಿ ಮೂರೂ ಮಣ್ಣು ಸೇರಿದ್ದವು. ನಾಲ್ಕನೆಯದು ಕಳಕಪ್ಪ. ಇದನ್ನಾದರೂ ಉಳಿಸಿಕೊಳ್ಳಬೇಕೆಂದು ಹುಟ್ಟಿದ ಐದನೆಯ ದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಾಡಿಸಿದರು. ಮೊರದಲ್ಲಿ ಮಲಗಿಸಿ ಪಕ್ಕದ ಮನೆಯ ಗಾಳೆವ್ವನಿಗೆ ಒಂದು ಮೊರ ತೌಡಿಗೆ ಮಾರಿದರು. ಗಾಳೆವ್ವನ ಐದು ಮಕ್ಕಳೂ ಗುಂಡುಕಲ್ಲಿನ ಹಾಗೆ ಬದುಕಿದ್ದವು; ಅವಳ ಕೂಸೆಂದರೆ ಯಮ ತಿರುಗಿ ನೋಡುವುದಿಲ್ಲ ಎಂದು ನಂಬಿಕೆ. ಕೊಂಡದ್ದಕ್ಕೆ ಗುರುತಾಗಿ ಗಾಳೆವ್ವ ಕೂಸಿನ ಮೂಗಿಗೆ ತಾಮ್ರದ ಉಂಗುರ ಹಾಕಿಸಿದಳು. ಹಾಲು ಕುಡಿಸಿದವಳು ಹೊಳೆವ್ವ, ಹೆಸರಿಗೆ ತಾಯಿ ಗಾಳೆವ್ವ. ಓಣಿಯ ಹುಡುಗರ ಬಾಯಲ್ಲಿ ಅವನು ತೌಡಪ್ಪ.

ಇಷ್ಟಕ್ಕೇ ಹೊಳೆವ್ವನ ಜೀವ ಸಮಾಧಾನವಾಗಲಿಲ್ಲ. ಗಜೇಂದ್ರಗಡದ ಗುಡ್ಡದ ಕಳಕಪ್ಪ ದೇವರಿಗೆ ಹರಕೆ ಹೊತ್ತು ಅವನದೇ ಹೆಸರಿಟ್ಟಳು, ತಲೆಗೂದಲಿಗೆ ಕತ್ತರಿ ತಾಗಿಸಲಿಲ್ಲ. ಮೊಹರಂ ಬಂತೆಂದರೆ ಊರಿನ ಉಸ್ಮಾನಸಾಬ ಆ ಹುಡುಗನ ಕೊರಳಿಗೆ ಕೆಂಪು ಲಾಡಿ ಕಟ್ಟಿ ಫಕೀರನನ್ನಾಗಿ ಮಾಡುತ್ತಿದ್ದ. ಐದು ಮನೆ ಬೇಡಿ ತಂದು ಅಲೈ ದೇವರಿಗೆ ಸಕ್ಕರೆ ಓದಿಸಬೇಕು. ಕೂದಲು ಗುಡ್ಡದ ದೇವರದು, ಕೊರಳು ಅಲೈ ದೇವರದು, ಮೂಗು ಗಾಳೆವ್ವನದು. ಅವನದು ಅಂತ ಉಳಿದದ್ದು ಹೊಟ್ಟೆಯೊಂದೇ, ಅದು ಯಾವಾಗಲೂ ಖಾಲಿ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎನ್ನುತ್ತಾರೆ ಉಂಡು ಕೂತವರು. ಹೊಳೆವ್ವನ ಮನೆಯಲ್ಲಿ ಹುಲ್ಲೊಂದನ್ನು ಬಿಟ್ಟು ಹೊಲದ ಬದುವಿನ ಸೊಪ್ಪೆಲ್ಲ ಮೇಯಿಸಿದ್ದ. ಗಂಡ ಜೋಳದ ಹೊಲದಲ್ಲಿ ಹಾವು ಕಡಿದು ಸತ್ತಿದ್ದ. ಅವಳು ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ಕಳಕಪ್ಪ ಊರ ಗೌಡರಾದ ಗುರುಸಂಗಪ್ಪನವರ ಎಮ್ಮೆ ಕಾಯುತ್ತಿದ್ದ.

ಕಳಕಪ್ಪನಿಗೆ ಹಾವು, ಚೇಳು, ಗೌಡರ ಬಾರುಕೋಲು ಯಾವುದರ ಅಂಜಿಕೆಯೂ ಇರಲಿಲ್ಲ. ಅಂಜಿಕೆ ದೇವರದು. ಅದಕ್ಕೆ ಕಾರಣ ತಂಗಿ ಕರೆವ್ವ. ಹೆಣ್ಣು ಕೂಸು ಗಟ್ಟಿ ಇರುತ್ತದೆಂದು ಅವಳನ್ನು ಯಾರಿಗೂ ಮಾರಿರಲಿಲ್ಲ. ಒಮ್ಮೆ ಜಡ್ಡಾದಾಗ ಹೊಳೆವ್ವ ಊರ ದ್ಯಾಮವ್ವನಿಗೆ ಉಡಿ ತುಂಬುತ್ತೇನೆಂದು ಬೇಡಿಕೊಂಡಳು. ಕೂಸು ಎದ್ದು ಆಡಿತು. ಸೀರೆ, ಖಣ ತರಲು ಗತಿಯಿಲ್ಲ, ಹತ್ತಿ ಸುಗ್ಗಿ ಆಗಲಿ ಎಂದು ಮುಂದೆ ಹಾಕಿದಳು. ಸುಗ್ಗಿ ಆಗುವ ಮೊದಲೇ ವಾಂತಿಭೇದಿ ಬಂತು. ಬೆಳಿಗ್ಗೆ ಕುಂಟಲಿಪಿ ಆಡಿದ ಕರೆವ್ವ ಸಂಜೆಗೆ ಇಲ್ಲ. ಹೆಣದ ಮುಂದೆ ಕೂತು ಗಾಳೆವ್ವ ಒಂದೇ ಮಾತು ಅಂದಳು, "ತಡಾ ಆತು, ಹೊಳೆವ್ವ." ಎಂಟು ವರ್ಷದ ಕಳಕಪ್ಪ ಬಾಗಿಲ ಸಂದಿಯಲ್ಲಿ ನಿಂತು ಅದನ್ನು ಕೇಳಿಸಿಕೊಂಡ. ಆ ಮಾತು ಅವನ ಎದೆಯೊಳಗೆ ಮುಳ್ಳಿನ ಹಾಗೆ ಮುರಿದುಕೊಂಡಿತು.

ಹನ್ನೊಂದನೆಯ ವರ್ಷ, ಅಂದರೆ ಸಾವಿರದ ಒಂಬೈನೂರಾ ಐವತ್ತೈದರಲ್ಲಿ, ಗಜೇಂದ್ರಗಡದ ಸಂತೆಯಲ್ಲಿ ಅವನಿಗೆ ಸಮುವೇಲಪ್ಪ ಸಿಕ್ಕ. ಬಿಳಿ ಟೊಪ್ಪಿಗೆಯ ಮುದುಕ, ಹೆಗಲಿಗೆ ಚೀಲ, ಊರೂರು ತಿರುಗಿ ಯೇಸುಸ್ವಾಮಿಯ ಕಥೆಯ ಸಣ್ಣ ಪುಸ್ತಕ ಮಾರುವವನು. ಜಡೆಯ ಹುಡುಗ ಪುಸ್ತಕವನ್ನು ದಿಟ್ಟಿಸುವುದನ್ನು ನೋಡಿ, ಒಂದು ಹಾಳೆ ತಪ್ಪಿಲ್ಲದೆ ಓದಿದರೆ ಇದು ನಿನ್ನದೇ ಎಂದ. ಹುಡುಗ ಓದಿದ. ಪುಸ್ತಕ ಚಡ್ಡಿಯ ಕಿಸೆ ಸೇರಿತು.

ಎಮ್ಮೆ ಮೇಯಲು ಬಿಟ್ಟು ಜಾಲಿಮರದ ಕೆಳಗೆ ಕೂತು ಅವನು ಅದನ್ನು ನಾಲ್ಕು ಸಲ ಓದಿದ. ಕುರುಡರಿಗೆ ಕಣ್ಣು ಬಂದವು, ಕುಷ್ಠದವರು ಚೊಕ್ಕಟವಾದರು, ಸತ್ತ ಹುಡುಗಿ ಎದ್ದು ಕೂತಳು. ಅಲ್ಲಿಗೆ ಬಂದಾಗಲೆಲ್ಲ ಅವನಿಗೆ ಕರೆವ್ವನ ನೆನಪಾಗಿ ಅಳು ಬರುತ್ತಿತ್ತು. ಇಷ್ಟೆಲ್ಲ ಮಾಡಿದ ಸ್ವಾಮಿಗೆ ಅವರು ಏನು ಹರಕೆ ತೀರಿಸಿದರು ಎಂಬುದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಹಾಳೆ ಬಿಟ್ಟು ಹೋಗಿರಬೇಕು ಅಂದುಕೊಂಡ.

ಆ ಸಲ ಹತ್ತಿ ಬಿಡಿಸುವ ಕಾಲಕ್ಕೆ ಹೊಳೆವ್ವ ಚಳಿಜ್ವರ ಬಂದು ಮಲಗಿದಳು. ಮೂರನೆಯ ದಿನ ಮಗನ ಗುರುತೂ ಸಿಗದಾಯಿತು. ಇದ್ದ ಒಂದು ಕೌದಿ ಹೊದಿಸಿ ಗಾಳೆವ್ವ ಹಣೆಗೆ ಭಂಡಾರ ಹಚ್ಚಿದಳು. ಕಳಕಪ್ಪ ಹಿತ್ತಲಿಗೆ ಓಡಿ ಬಣವೆಯ ಮರೆಯಲ್ಲಿ ಮಂಡಿಯೂರಿದ. ಗುಡ್ಡದ ಕಳಕಪ್ಪನಿಗೆ ಕೊಡಬೇಕಾದ ಕೂದಲೇ ಇನ್ನೂ ತಲೆಯ ಮೇಲಿತ್ತು, ದ್ಯಾಮವ್ವನ ಹೆಸರೆತ್ತಲು ನಾಲಿಗೆ ಏಳಲಿಲ್ಲ. ಉಳಿದದ್ದು ಪುಸ್ತಕದ ಸ್ವಾಮಿ. ಯೇಸುಸ್ವಾಮಿ, ನಮ್ಮವ್ವನ್ನ ಉಳಸು ಎಂದ. ಒಳಗೆ ಅವ್ವ ನರಳಿದ್ದು ಕೇಳಿ ಅಷ್ಟಕ್ಕೇ ಎದ್ದು ಓಡಿದ.

ಮರುದಿನ ಮಧ್ಯಾಹ್ನ ಹೊಳೆವ್ವ ಬೆವತಳು, ಕಣ್ಣು ಬಿಟ್ಟಳು, ನುಚ್ಚು ಕೇಳಿದಳು. ಹುಡುಗನಿಗೆ ಆದ ಸಂತೋಷ ಹೇಳತೀರದು. ಆ ಸಂತೋಷ ಒಂದು ತುತ್ತು ನುಚ್ಚು ಅವ್ವನ ಗಂಟಲಿಳಿಯುವಷ್ಟು ಹೊತ್ತು ಇತ್ತು. ಆಮೇಲೆ ಹೊಳೆಯಿತು. ಏನು ಕೊಡುತ್ತೇನೆಂದು ತಾನು ಹೇಳಲೇ ಇಲ್ಲ!

ತೆಂಗಿನಕಾಯಿ ಎಂದಿದ್ದರೆ ಕಾಯಿಗೆ ಮುಗಿಯುತ್ತಿತ್ತು, ಗುಡಿಯವರೆಗೆ ಅಡ್ಡಬೀಳುತ್ತ ಹೋಗುವ ದೀಡ ನಮಸ್ಕಾರ ಎಂದಿದ್ದರೆ ಮೊಣಕಾಲಿಗೆ ಮುಗಿಯುತ್ತಿತ್ತು. ಬಾಯಿಬಿಟ್ಟು ಹೇಳದ ಹರಕೆಗೆ ದೇವರು ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳುತ್ತದೆ ಎಂದು ಗಾಳೆವ್ವ ಹೇಳುತ್ತಿದ್ದಳು. ಆರಿಸಿಕೊಳ್ಳಲು ಆ ಮನೆಯಲ್ಲಿ ಇದ್ದದ್ದಾದರೂ ಏನು? ಒಂದು ಕೌದಿ, ಎರಡು ಗಡಿಗೆ, ಅವ್ವ.

ಪುಸ್ತಕವನ್ನು ಮತ್ತೆ ಮೊದಲಿನಿಂದ ಹುಡುಕಿದ. ಏನೂ ಸಿಗದೆ, ತನ್ನ ಪಾಲಿನ ರೊಟ್ಟಿಯನ್ನು ಜಾಲಿಮರದ ಬುಡದಲ್ಲಿಟ್ಟು ಕೈಮುಗಿದ. ಗೌಡರ ನಾಯಿ ಬಂದು ತಿಂದು ಬಾಲ ಅಲ್ಲಾಡಿಸಿತು. ಸ್ವಾಮಿಗೆ ಮುಟ್ಟಿತೋ ಇಲ್ಲವೋ ನಾಯಿಯನ್ನು ಕೇಳುವುದು ಹೇಗೆ? ಹೆದರಿದವನ ಮೇಲೆ ಕಪ್ಪೆ ಎಸೆದ ಹಾಗೆ, ಅದೇ ಸಂಜೆ ಹೊಳೆವ್ವ ನೀರಿನ ಕೊಡ ಹೊತ್ತು ಬರುವಾಗ ಹೊಸ್ತಿಲು ಎಡವಿ ಬಿದ್ದಳು. ಮೊಣಕೈ ತರಚಿತ್ತು, ಅಷ್ಟೇ. ಹುಡುಗನಿಗೆ ಮಾತ್ರ ಸ್ವಾಮಿ ವಸೂಲಿಗೆ ಬಾಗಿಲಿಗೆ ಬಂದ ಹಾಗಾಯಿತು. ತಡಮಾಡಿದರೆ ಏನಾಗುತ್ತದೆಂದು ಅವನು ಒಮ್ಮೆ ಕಂಡಿದ್ದ. ಸಮುವೇಲಪ್ಪನನ್ನು ಹುಡುಕಿ ಹರಕೆ ಏನೆಂದು ಕೇಳಲೇಬೇಕು ಎಂದು ನಿರ್ಧರಿಸಿದ.

ಬೆಳಗಾಗುತ್ತಲೇ ಎಮ್ಮೆಗಳನ್ನು ಇನ್ನೊಬ್ಬ ದನಗಾಹಿಗೆ ಒಪ್ಪಿಸಿ, ಮುದುಕ ರೋಣದ ಕಡೆ ಇದ್ದಾನೆಂದು ಕೇಳಿದ್ದನ್ನೇ ನಂಬಿ, ಅವ್ವನಿಗೆ ಹೇಳದೆ ಆ ದಾರಿ ಹಿಡಿದ. ಹೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಎರಿ ಮಣ್ಣಿನ ಹೊಲದ ನಡುವಿನ ಆ ದಾರಿಯಲ್ಲಿ ಹಿಂದಿನಿಂದ ಯಾರೇ ಲಗುಬಗೆಯಿಂದ ಬಂದರೂ ಅವ್ವ ಸತ್ತ ಸುದ್ದಿ ತಂದರೆಂದು ನಿಂತುಬಿಡುತ್ತಿದ್ದ. ಅವರು ದಾಟಿ ಮುಂದೆ ಹೋದ ಮೇಲೆಯೇ ಹೆಜ್ಜೆ ಹಾಕುತ್ತಿದ್ದ. ರೋಣದಲ್ಲಿ ಕೇಳಿದರೆ ಮುದುಕ ನಿನ್ನೆಯೇ ನರಗುಂದಕ್ಕೆ ಹೋದ ಎಂದರು. ಹುಡುಗ ನಡುರಸ್ತೆಯಲ್ಲಿ ಕೂತು ಅತ್ತುಬಿಟ್ಟ. ಚಕ್ಕಡಿಯಲ್ಲಿ ಹತ್ತಿ ಹೇರಿಕೊಂಡು ನರಗುಂದಕ್ಕೆ ಹೊರಟಿದ್ದ ನಜೀರಸಾಬನೆಂಬವನು ಅವನನ್ನು ಎತ್ತಿ ಹತ್ತಿ ಅಂಡಿಗೆಗಳ ಮೇಲೆ ಕೂರಿಸಿಕೊಂಡ. ಯಾರ ಮಗನೋ ಎಂದು ಕೇಳಿದ. ಹೊಳೆವ್ವನ ಮಗ ಅನ್ನಬೇಕೋ ಗಾಳೆವ್ವನ ಮಗ ಅನ್ನಬೇಕೋ ಎಂದು ಕಳಕಪ್ಪ ಮೂಗಿನ ಉಂಗುರ ಮುಟ್ಟಿಕೊಂಡ.

ಮರುದಿನ ನರಗುಂದದ ಗುಡ್ಡದ ಬುಡದ ಓಣಿಯಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಸಮುವೇಲಪ್ಪ ಹರಿದ ಅಂಗಿಗೆ ಹೊಲಿಗೆ ಹಾಕುತ್ತ ಕೂತಿದ್ದ. ಧೂಳು ಮೆತ್ತಿದ ಹುಡುಗ ಎದುರಿಗೆ ನಿಂತು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ. ಕೊನೆಗೆ ಕೇಳಿದ, "ನಾ ಏನ್ ಕೊಡಬೇಕ್ರಿ?"

"ಏನೂ ಬ್ಯಾಡ," ಎಂದ ಮುದುಕ.

ಹುಡುಗ ಕಟ್ಟೆಯಿಂದ ಹಿಂದಕ್ಕೆ ಸರಿದ. ಕಾಯಿ ಬೇಡುವ ದೇವರನ್ನು ಅವನು ಬಲ್ಲ, ಕುರಿ ಬೇಡುವ ದೇವರನ್ನು ಬಲ್ಲ. ಏನೂ ಬೇಡವೆನ್ನುವ ದೇವರನ್ನು ಕಂಡಿರಲಿಲ್ಲ. ನಗಲು ಹೊರಟಿದ್ದ ಸಮುವೇಲಪ್ಪ ಆ ಅಂಜಿಕೆ ನೋಡಿ ಸೂಜಿ ಕೆಳಗಿಟ್ಟು ಪಕ್ಕಕ್ಕೆ ಕೂರಿಸಿಕೊಂಡ.

"ಅಂವ ಹರಕಿ ತಗೊಳ್ಳಾಂವ ಅಲ್ಲಪಾ. ಕೊಡೂದೆಲ್ಲಾ ತಾನ ಕೊಟ್ಟು ಮುಗಿಸ್ಯಾನ, ತನ್ನ ಜೀವನ."

"ಹಂಗಾದ್ರ ನಮ್ಮವ್ವ ಸಾಯೂದಿಲ್ಲೇನ್ರಿ?"

ಮುದುಕ ಸುಳ್ಳು ಹೇಳಿ ಹುಡುಗನನ್ನು ಸಾಗಹಾಕಬಹುದಿತ್ತು. "ಎಲ್ಲಾರೂ ಒಂದಿನ ಸಾಯ್ತಾರ. ಆದ್ರ ನೀ ಹರಕಿ ತೀರಿಸಲಿಲ್ಲಂತ ಅಕಿ ಸಾಯೂದಿಲ್ಲ. ಕರೆವ್ವನೂ ಅದಕ್ಕ ಸತ್ತಿಲ್ಲ."

ಮೂರು ವರ್ಷದಲ್ಲಿ ಆ ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಹುಡುಗ ಮೊಣಕಾಲ ನಡುವೆ ತಲೆ ಹಾಕಿ ಅತ್ತ. ಪೂರಾ ನಂಬಿದ ಅಂತಲ್ಲ. ನಂಬಲು ಆಸೆಯಾಯಿತು, ಆಸೆಯ ಜೊತೆಗೇ ಅಂಜಿಕೆಯೂ ಆಯಿತು. ಒಳಗಿನಿಂದ ಅನ್ನ ಸಾರು ಬಂದಾಗ, ಇದನ್ನು ಉಂಡರೆ ಮತ್ತೇನು ಹೊರೆ ಬೀಳುತ್ತದೋ ಎಂದು ಕೈ ಹಿಂದೆ ಮಾಡಿದ. ಹಸಿವು ಅವನ ಮಾತು ಕೇಳಲಿಲ್ಲ, ಎರಡು ಸಲ ನೀಡಿಸಿಕೊಂಡು ಉಂಡ. ಸಮುವೇಲಪ್ಪ ಬಸ್ಸಿನ ಚಾರ್ಜು ಕೊಟ್ಟು ಹತ್ತಿಸಿದ.

ಎರಡು ದಿನ ಬಾವಿ ಕೆರೆ ಇಣುಕಿ ಬಂದಿದ್ದ ಹೊಳೆವ್ವ, ಮಗ ಬಾಗಿಲಲ್ಲಿ ನಿಂತದ್ದನ್ನು ಕಂಡು ಮೊದಲು ಕಪಾಳಕ್ಕೆ ಹೊಡೆದಳು, ಆಮೇಲೆ ತಬ್ಬಿಕೊಂಡಳು. ಅವನು ಬಣವೆಯ ಮರೆಯ ಬೇಡಿಕೆಯಿಂದ ಹಿಡಿದು ನರಗುಂದದ ಅನ್ನದವರೆಗೆ ಎಲ್ಲ ಹೇಳಿದ. ಆ ಸ್ವಾಮಿಗೆ ಏನೂ ಬೇಡವಂತೆ ಎಂದೂ ಹೇಳಿದ. ಹೊಳೆವ್ವನ ಮುಖ ಬಿಳಿಚಿಕೊಂಡಿತು.

"ಏನೂ ಬ್ಯಾಡ ಅಂದ್ರ ನೀನ ಬೇಕು ಅಂತ, ಮಗನ."

ಅವಳು ಅತ್ತು ಕರೆದು ಮಾಡಲಿಲ್ಲ. ಮರುದಿನ ಗೌಡರ ಮನೆಯಲ್ಲಿ ಕುಟ್ಟುವ ಕೆಲಸ ಮಾಡಿ, ಕೂಲಿಗೆ ಬದಲು ತೌಡು ಕೇಳಿ ತಂದಳು. ಅದನ್ನು ಮೊರದ ತುಂಬ ಹಾಕಿಕೊಂಡು, ಮಗನ ಕೈಹಿಡಿದು ಗಾಳೆವ್ವನ ಹೊಸ್ತಿಲ ಮುಂದೆ ನಿಂತಳು. ಕೂಸನ್ನು ವಾಪಸು ಕೊಡು ಎಂದಳು. ಗಾಳೆವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಆ ಉಂಗುರ ತೆಗೆದರೆ ಯಮ ಗುರುತು ಹಿಡಿಯುತ್ತಾನೆ, ನಿನಗೆ ಬುದ್ಧಿ ಕೆಟ್ಟಿದೆಯೇನು ಎಂದು ಬೈದಳು. ಬೈಯುತ್ತ ಅವಳ ಕಣ್ಣಲ್ಲೂ ನೀರು ಬಂತು. ಹನ್ನೊಂದು ವರ್ಷ ಅವಳೂ ತಾಯಿಯಾಗಿದ್ದಳು.

ಹೊಳೆವ್ವ ಮೊರವನ್ನು ಕೆಳಗಿಡಲಿಲ್ಲ. "ಮಾರಿದ ಕೂಸನ್ನ ದೇವರಿಗೆ ಕೊಡಾಕ ಬರೂದಿಲ್ಲ, ಗಾಳೆವ್ವ. ಮೊದಲ ನನ್ನ ಮಗ ಆಗಬೇಕು. ಕರೆವ್ವನ ಹೊತ್ತಿಗೆ ತಡಾ ಮಾಡಿದ್ದೆ."

ಗಾಳೆವ್ವ ಮೊರ ಇಸಿದುಕೊಂಡಳು.

ಮನೆಗೆ ಬಂದು ಹೊಳೆವ್ವ ಮಗನನ್ನು ಬೆಳಕಿಗೆ ಕೂರಿಸಿದಳು. ಎಣ್ಣೆ ಹಚ್ಚಿ ಉಂಗುರ ಸಡಿಲಿಸತೊಡಗಿದಳು. ಕಳಕಪ್ಪನಿಗೆ ಹುಟ್ಟಿದಾಗಿನಿಂದ ಅಷ್ಟು ಅಂಜಿಕೆ ಎಂದೂ ಆಗಿರಲಿಲ್ಲ. ಯಮನ ಮುಂದೆ ಮೈಮೇಲಿನ ಬಟ್ಟೆ ಕಳಚಿ ನಿಂತಂತಿತ್ತು. ಏನೂ ಕೊಡಬೇಕಾಗಿಲ್ಲ ಎಂದು ಅವನು ಮುಂದೆ ಐವತ್ತು ವರ್ಷ ಊರೂರಲ್ಲಿ ಸಾರಿದ. ಆ ದಿನ ಮಾತ್ರ ಅವ್ವನ ಕೈ ಹಿಡಿದು ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಉಂಗುರ ಅಂಗೈಗೆ ಬಿತ್ತು. ಹೊಳೆವ್ವ ಅದನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು, ಮಗನ ಮೂಗು ಒರೆಸಿ ಕೇಳಿದಳು, "ಆ ಸ್ವಾಮಿ ಹೆಸರು ಏನಂದಿ?"

"ಯೇಸು."

ಮರೆಯಬಾರದೆಂದು ಅವಳು ಅದನ್ನು ಎರಡು ಸಲ ಹೇಳಿಕೊಂಡಳು. ಆಮೇಲೆ ತನ್ನ ಮೊರ ತರಲು ಗಾಳೆವ್ವನ ಮನೆಗೆ ಹೋದಳು.